ತೊಟ್ಟಿಲಿಗೊಂದು ಪುಸ್ತಕ

ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ಗಡಿನಾಡಿನ ಕನ್ನಡ, ಶಿಕ್ಷಣದ ಗುಣಮಟ್ಟ ಮೊದಲಾದ ಹಿರಿಯ ವಿಷಯಗಳನ್ನು ಕುರಿತು ಬರೆಯಬೇಕೆಂದೇ ನಾನು ಕುಳಿತಿದ್ದೆ. ಅಷ್ಟರಲ್ಲಿ ನಮ್ಮ ಶಾಲೆಯಲ್ಲಿಯೇ ಓದಿದ ಹೆಣ್ಣುಮಗಳೊಬ್ಬಳು ತನ್ನ ತಾಯಿಯೊಡನೆ ಸೀಮಂತಕ್ಕೆ ಕರೆಯಲೆಂದು ಮನೆಗೆ ಬಂದಳು. ಕುಂಕುಮ ಕೊಟ್ಟು, ಕಾಫಿಯಾದ ಮೇಲೆ ಕೈಚೀಲದಿಂದ ಒಂದು ಕಾಗದವನ್ನು ತೆಗೆದು, “ಮೇಷ್ಟ್ರೇ, ಮಗುವಿಗೆ ಬೇಕಾದ ಸಾಮಾನುಗಳ ಪಟ್ಟಿ ಇದು. ಗೆಳತಿಯರು ಬರೆದುಕೊಟ್ಟಿದ್ದಾರೆ. ಬೇಡವಾದುದಕ್ಕೆ ನೀವೇ ಗೀಟು ಹಾಕಿಕೊಡಿ” ಎಂದಳು. ಉತ್ತರ ಪತ್ರಿಕೆಯನ್ನು ತಿದ್ದಿಸಿಕೊಳ್ಳುವಾಗ ಹೇಗೆ ನಿಲ್ಲುತ್ತಿದ್ದಳೋ ಹಾಗೆಯೇ ನಿಂತಿದ್ದಳು. ಪಟ್ಟಿಯಲ್ಲಿ 34 ವಸ್ತುಗಳಿದ್ದವು. ಅವುಗಳಲ್ಲಿ ಪುಸ್ತಕವೆಂಬುದು ಒಂದೂ ಇರಲಿಲ್ಲ. ಹಿರಿಯ ವಿಷಯಗಳನ್ನು ಬಲ್ಲವರಿಗೆ ಬಿಟ್ಟು, ಆ ಪಟ್ಟಿಯನ್ನು ಕುರಿತೇ ನನ್ನ ಅಭಿಪ್ರಾಯವನ್ನು ವಿನಯಪೂರ್ವಕವಾಗಿ ಇಲ್ಲಿ ನಿವೇದಿಸುತ್ತಿದ್ದೇನೆ.

ಮೊದಲು ಹಾಲಿನ ಬಾಟಲಿಯ ಮಾತು. ಪಟ್ಟಿಯ ಆರಂಭದಲ್ಲಿದ್ದುದೇ ಅದು. ಅದರ ಕೆಳಗೆ ಡಬ್ಬಿಯ ಹಾಲಿನ ಪುಡಿ. ನಾನು ವೈದ್ಯನಲ್ಲ. ಆದರೆ ಮೊದಲ 6 ತಿಂಗಳು ತಾಯಿಯ ಹಾಲಲ್ಲದೆ ನೀರು ಕೂಡ ಬೇಡವೆಂಬುದನ್ನು ವಿಶ್ವ ಆರೋಗ್ಯ ಸಂಸ್ಥೆಯಿಂದ ಹಿಡಿದು ನಮ್ಮೂರಿನ ದಾದಿಯವರೆಗೆ ಎಲ್ಲರೂ ಹೇಳುತ್ತಾರೆ. ಹಾಲಿನ ಪುಡಿ ಮತ್ತು ಬಾಟಲಿಗಳನ್ನು ಜಾಹೀರಾತಿನಿಂದ ಮಾರಬಾರದು, ಗರ್ಭಿಣಿಯರಿಗೂ ತಾಯಂದಿರಿಗೂ ಮಾದರಿಯೆಂದೋ ಉಡುಗೊರೆಯೆಂದೋ ಹಂಚಬಾರದು ಎಂದು ನಮ್ಮ ದೇಶದಲ್ಲಿ 1992ರಲ್ಲಿಯೇ ಕಾನೂನಾಗಿದೆ. 2003ರಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಿದರು. ವ್ಯಾಪಾರಿಯೇ ಉಡುಗೊರೆಯಾಗಿ ಕೊಡಬಾರದೆಂದು ಕಾನೂನು ತಡೆದಿರುವ ವಸ್ತುವನ್ನು ನಾವು ಬಂಧುಗಳೆಂದು ಹೇಳಿಕೊಂಡು ಬಣ್ಣದ ಕಾಗದದಲ್ಲಿ ಸುತ್ತಿ ಕೊಡುವುದು ವಿವೇಕವೇ? ವೈದ್ಯರು ಕಾರಣವಿದ್ದು ಬೇರೆ ಹಾಲನ್ನು ಕುಡಿಸಲು ಹೇಳಿದರೂ ನಮ್ಮ ಅಜ್ಜಿಯರ ಒಳಲೆ ಇದ್ದೇ ಇದೆ. ತಮಿಳಿನಲ್ಲಿ ಪಾಲಾಡೈ ಎನ್ನುವುದೂ ಇದನ್ನೇ. ತೊಳೆಯುವುದಕ್ಕೆ ಸುಲಭ, ಮೂಲೆಯಲ್ಲಿ ಹಾಲು ಹುಳಿಯುವುದಿಲ್ಲ. ಬೆಳ್ಳಿಯದೇ ಆಗಬೇಕೆಂದಿಲ್ಲ, ಉಕ್ಕಿನದೂ ಆದೀತು.

ಹಳೆಯದೆಲ್ಲವೂ ಒಳ್ಳೆಯದೆಂದು ನಾನು ಹೇಳುವವನಲ್ಲ. ಹುಟ್ಟಿದ ಮಗುವಿನ ನಾಲಗೆಗೆ ಜೇನು ಸವರುವ ಪದ್ಧತಿ ನಮ್ಮಲ್ಲಿದೆ. ಜೇನಿನಲ್ಲಿರಬಹುದಾದ ಒಂದು ಜಾತಿಯ ಸೂಕ್ಷ್ಮಾಣುವಿನ ಬೀಜಕಗಳು ಎಳೆಯ ಕರುಳಿನಲ್ಲಿ ಬೆಳೆದು ವಿಷವನ್ನುಂಟುಮಾಡಬಲ್ಲವಾದ್ದರಿಂದ, ಒಂದು ವರ್ಷ ತುಂಬುವವರೆಗೆ ಜೇನು ಕೂಡದೆಂದು ವೈದ್ಯರು ಸ್ಪಷ್ಟವಾಗಿ ಹೇಳುತ್ತಾರೆ. ಅದನ್ನು ಬಿಡುವುದರಿಂದ ಸಂಪ್ರದಾಯಕ್ಕೇನೂ ಕುಂದಿಲ್ಲ. ಆದರೆ 6 ತಿಂಗಳು ಕಳೆದ ಮೇಲೆ ಕೊಡುವ ರಾಗಿ ಸರಿಗೆ ಸಮನಾದುದು ಅಂಗಡಿಯಲ್ಲಿ ಸಿಕ್ಕುವುದು ಕಷ್ಟ. ನಮ್ಮದು ರಾಗಿಯ ಸೀಮೆ. ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ನೆರಳಿನಲ್ಲಿ ಒಣಗಿಸಿ, ಹದವಾಗಿ ಹುರಿದು, ಬೀಸಿ, ತೆಳುವಾದ ಬಟ್ಟೆಯಲ್ಲಿ ಜರಡಿ ಹಿಡಿದ ಹಿಟ್ಟು ಅದು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮಿಕ್ಕಿ ಸುಣ್ಣದ ಅಂಶವಿದೆ. ಮೊಳಕೆ ಬರಿಸುವುದರಿಂದ ಅದು ದೇಹಕ್ಕೆ ಇನ್ನಷ್ಟು ಸುಲಭವಾಗಿ ದಕ್ಕುತ್ತದೆ. ಸೋದರತ್ತೆಯೊಬ್ಬಳು ಒಂದು ಡಬ್ಬಿ ರಾಗಿ ಸರಿಯ ಹಿಟ್ಟನ್ನು ತಂದುಕೊಟ್ಟರೆ ಅದಕ್ಕಿಂತ ಉತ್ತಮ ಉಡುಗೊರೆ ಯಾವುದು?

ಇನ್ನು ಆಟಿಕೆಗಳು. ಚಕ್ರಗಳಿರುವ ವಾಕರಿಗೆ ನಾನು ದಪ್ಪ ಗೀಟನ್ನೇ ಎಳೆದೆ. ಅದಕ್ಕೆ ಕಾರಣ ಓದಿ ತಿಳಿದದ್ದಲ್ಲ, ಅನುಭವಿಸಿ ತಿಳಿದದ್ದು. ನನ್ನ ಮೊಮ್ಮಗನಿಗೆ ನಾನೇ ಹೆಮ್ಮೆಯಿಂದ ಒಂದನ್ನು ತಂದುಕೊಟ್ಟಿದ್ದೆ. ಎಲ್ಲರೂ ನೋಡುತ್ತಿರುವಂತೆಯೇ ಮಗು ಅದರೊಡನೆ ಎರಡು ಮೆಟ್ಟಿಲು ಉರುಳಿ, ಹಣೆಗೆ ಮೂರು ಹೊಲಿಗೆಗಳು ಬಿದ್ದವು. ಕೆನಡಾ ದೇಶದಲ್ಲಿ 2004ರಲ್ಲಿಯೇ ಇವುಗಳ ಮಾರಾಟವನ್ನು ನಿಷೇಧಿಸಿದ್ದಾರೆಂಬುದು ಆಮೇಲೆ ತಿಳಿಯಿತು. ನಡೆಯುವುದನ್ನು ಮಗುವಿಗೆ ನೆಲವೇ ಕಲಿಸುತ್ತದೆ. ಗೋಡೆಯೂ ಅಮ್ಮನ ಬೆರಳೂ ನೆರವಾಗುತ್ತವೆ. ಆಟಿಕೆ ಕೊಡಲೇಬೇಕೆಂದಿದ್ದರೆ ಚನ್ನಪಟ್ಟಣದ ಗೊಂಬೆಗಳಿವೆ. ಹಗುರವಾದ ಆಲೆಮರವನ್ನು ಕಡೆದು, ಅರಗಿನೊಡನೆ ಬಣ್ಣ ಬೆರೆಸಿ ಮೆರುಗು ಕೊಟ್ಟ ಗಿಲಕಿ, ಬುಗುರಿ, ತಳ್ಳುಗಾಡಿಗಳು ಅವು. ಸಸ್ಯಜನ್ಯ ಬಣ್ಣದವೇ ಎಂದು ಕೇಳಿ ಕೊಳ್ಳಬೇಕು. ಪ್ಲಾಸ್ಟಿಕ್ ಆಟಿಕೆಯಾದರೆ 2021ರ ಜನವರಿಯಿಂದ ಕಡ್ಡಾಯವಾಗಿರುವ ಐ.ಎಸ್.ಐ. ಗುರುತನ್ನು ನೋಡಿಕೊಳ್ಳಬೇಕು. ಬಾಯಿಗೆ ಹೋಗುವಷ್ಟು ಸಣ್ಣ ಬಿಡಿಭಾಗಗಳಿರುವ ಯಾವುದನ್ನೂ ಎಳೆಯ ಮಗುವಿಗೆ ಕೊಡಬಾರದು.

ಪಟ್ಟಿಯಲ್ಲಿಲ್ಲದಿದ್ದರೂ ಎಲ್ಲ ಮನೆಗಳಲ್ಲಿಯೂ ಇರುವ ಆಟಿಕೆಯೊಂದಿದೆ, ಅದು ಮೊಬೈಲ್. ಒಂದು ವರ್ಷದ ಕೂಸಿಗೆ ಪರದೆಯೇ ಬೇಡ, 2ರಿಂದ 4 ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತಿಳಿಸಿದೆ. ಊಟ ಮಾಡಿಸುವಾಗ ಚಂದಿರನನ್ನು ತೋರಿಸುತ್ತಿದ್ದ ತಾಯಂದಿರು ಈಗ ಅದನ್ನು ತೋರಿಸುತ್ತಾರೆ. ಚಂದಿರನು ಸುಮ್ಮನಿರುತ್ತಿದ್ದುದರಿಂದ ತಾಯಿ ಮಾತನಾಡಬೇಕಾಗುತ್ತಿತ್ತು; ಮಗು ಭಾಷೆ ಕಲಿಯುತ್ತಿತ್ತು. ಮೊಬೈಲು ತಾನೇ ಮಾತನಾಡುತ್ತದೆ, ತಾಯಿ ಸುಮ್ಮನಾಗುತ್ತಾಳೆ.

ಉಡುಗೊರೆಯ ವಿಷಯದಲ್ಲಿ ನಮ್ಮ ಸೀಮೆಯವರು ಮರೆಯಬಾರದ ಮಾತೊಂದಿದೆ. 1992ರಲ್ಲಿ ತಮಿಳುನಾಡು ಸರ್ಕಾರವು ಸೇಲಂನಲ್ಲಿ ‘ತೊಟ್ಟಿಲ ಮಗು’ ಯೋಜನೆಯನ್ನು ಆರಂಭಿಸಿತು. 2001ರಲ್ಲಿ ಅದು ಧರ್ಮಪುರಿಗೂ ವಿಸ್ತರಿಸಿತು. ಹೆಣ್ಣು ಕೂಸನ್ನು ಕೊಲ್ಲಬೇಡಿ, ಬೇಡವಾದರೆ ಈ ತೊಟ್ಟಿಲಿನಲ್ಲಿ ಮಲಗಿಸಿ ಹೋಗಿ ಎಂದು ಸರ್ಕಾರವೇ ತೊಟ್ಟಿಲು ಕಟ್ಟಬೇಕಾದ ಜಿಲ್ಲೆಗಳು ನಮ್ಮವು. 2001ರ ಜನಗಣತಿಯಲ್ಲಿ ಸೇಲಂ ಜಿಲ್ಲೆಯ 6 ವರ್ಷದೊಳಗಿನ ಮಕ್ಕಳಲ್ಲಿ 1000 ಗಂಡುಮಕ್ಕಳಿಗೆ 851 ಹೆಣ್ಣುಮಕ್ಕಳಿದ್ದರು. 2011ರಲ್ಲಿ ಅದು 916ಕ್ಕೆ ಏರಿತು. ಏರಿದ್ದು ಸಮಾಧಾನ, ಸಾವಿರಕ್ಕೆ ಇನ್ನೂ ಎಷ್ಟು ಕಡಿಮೆ ಎಂಬುದು ನಾಚಿಕೆ. ನಮ್ಮ ಕನ್ನಡ ಮನೆಗಳು ಇದಕ್ಕೆ ಹೊರತೆಂದು ಹೇಳಿಕೊಳ್ಳುವ ಧೈರ್ಯ ನನಗಿಲ್ಲ. ನಾಮಕರಣಗಳಿಗೆ ಹೋದಾಗ ನಾನು ಕಂಡದ್ದನ್ನು ಹೇಳುತ್ತೇನೆ: ಗಂಡುಮಗುವಾದರೆ ಬೆಳ್ಳಿಯ ಉಡಿದಾರ, ಚಿನ್ನದ ಉಂಗುರ, ಮೂರನೆಯ ಹೆಣ್ಣಾದರೆ ಒಂದು ಲಂಗದ ಬಟ್ಟೆ ಮತ್ತು “ಮುಂದಿನದು ಗಂಡಾಗಲಿ” ಎಂಬ ಹಾರೈಕೆ. ಬಾಣಂತಿ ತಲೆ ತಗ್ಗಿಸಿ ಅದನ್ನು ತೆಗೆದುಕೊಳ್ಳುತ್ತಾಳೆ. ಮಗು ಮೊದಲು ಕಲಿಯುವ ಪಾಠ ಅದೇ ಆಗುತ್ತದೆ. ಹೆಣ್ಣಾಗಲಿ ಗಂಡಾಗಲಿ, ಒಂದೇ ಬೆಲೆಯ, ಒಂದೇ ಬಗೆಯ ಉಡುಗೊರೆಯನ್ನು ಕೊಡುವೆನೆಂದು ಪ್ರತಿಯೊಂದು ಮನೆಯವರೂ ನಿಶ್ಚಯಿಸಿಕೊಂಡರೆ ಅದು ಸಣ್ಣ ಸುಧಾರಣೆಯಲ್ಲ.

ಅಂಥ ಭೇದವಿಲ್ಲದ ಉಡುಗೊರೆಯೆಂದರೆ ಪುಸ್ತಕ. ಪಟ್ಟಿಯ ಕೊನೆಯಲ್ಲಿ 35ನೆಯದಾಗಿ ನಾನು ಅದನ್ನು ಬರೆದಾಗ ಆ ಹೆಣ್ಣುಮಗಳು ನಕ್ಕು, “ಓದಲು ಬಾರದ ಕೂಸಿಗೆ ಪುಸ್ತಕವೇಕೆ ಮೇಷ್ಟ್ರೇ?” ಎಂದಳು. ಮಾತು ಬಾರದ ಕೂಸಿನೊಡನೆ ನಾವು ಮಾತನಾಡುವುದಿಲ್ಲವೇ? ಮಾತನಾಡುವುದರಿಂದಲೇ ಅದಕ್ಕೆ ಮಾತು ಬರುತ್ತದೆ. ಓದುವುದನ್ನು ಕೇಳುತ್ತಲೇ ಓದು ಬರುತ್ತದೆ. ಒಂದನೆಯ ತರಗತಿಗೆ ಸೇರುವ ಮಕ್ಕಳಲ್ಲಿ ಎರಡು ಬಗೆಯನ್ನು ನಾನು ವರ್ಷ ವರ್ಷವೂ ಕಂಡಿದ್ದೇನೆ. ಮನೆಯಲ್ಲಿ ಕಥೆ ಕೇಳಿದ ಮಗುವಿಗೆ ಅಕ್ಷರವು ಪರಿಚಿತರ ಮನೆಯ ಬಾಗಿಲಿನಂತೆ ಕಾಣುತ್ತದೆ. ಕೇಳದ ಮಗುವಿಗೆ ಅದು ಬರಿಯ ಗೋಡೆ. 1992ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ 300 ಕೂಸುಗಳ ಮನೆಗಳಿಗೆ ಪುಸ್ತಕ ಕೊಟ್ಟು ನೋಡಿದರು. ಆ ಪ್ರಯೋಗ ಮುಂದೆ ಇಡೀ ದೇಶಕ್ಕೆ ಹಬ್ಬಿತು. ಫಿನ್ಲೆಂಡಿನಲ್ಲಿ 1938ರಲ್ಲಿ ಆರಂಭವಾದ ಬಾಣಂತಿಯ ಪೆಟ್ಟಿಗೆಯಲ್ಲಿ ಬಟ್ಟೆಬರೆಗಳ ಜೊತೆಗೆ ಚಿತ್ರಪುಸ್ತಕವನ್ನೂ ಇಟ್ಟು ಕೊಟ್ಟಿದ್ದಾರೆ. ನಮ್ಮ ರಾಜ್ಯದಲ್ಲಿಯೂ 2015ರಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಹುಟ್ಟುವ ಮಕ್ಕಳಿಗೆ ಬಟ್ಟೆ, ಸೊಳ್ಳೆಪರದೆ, ಸಾಬೂನು, ಗಿಲಕಿ ಮೊದಲಾದ 16 ವಸ್ತುಗಳ ಪೆಟ್ಟಿಗೆಯನ್ನು ಕೊಡುವ ಒಳ್ಳೆಯ ಯೋಜನೆ ಬಂದಿತು. ಅದರಲ್ಲಿ ಇಲ್ಲದ ಹದಿನೇಳನೆಯ ವಸ್ತುವನ್ನು ನಾವು ಸೇರಿಸಬಹುದು.

ಕನ್ನಡದಲ್ಲಿ ಮಕ್ಕಳಿಗೆ ಏನಿದೆ ಎಂದು ಕೇಳುವವರಿಗೆ ಉತ್ತರವಿದೆ. ಪಂಜೆ ಮಂಗೇಶರಾಯರ ಮತ್ತು ಜಿ.ಪಿ. ರಾಜರತ್ನಂ ಅವರ ಪದ್ಯಗಳು ತೊಟ್ಟಿಲಿನ ವಯಸ್ಸಿಗೇ ಸಲ್ಲುತ್ತವೆ. ಅರ್ಥಕ್ಕಿಂತ ಮೊದಲು ಲಯ ಕಿವಿಗೆ ಹತ್ತುತ್ತದೆ. ನಾಲ್ಕೈದು ವರ್ಷಕ್ಕೆ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’. ಆಂಗ್ಲ ಕವಿ ಬ್ರೌನಿಂಗನ ಕಥನವು ಕನ್ನಡದ ಹಳ್ಳಿಯೊಂದರಲ್ಲಿಯೇ ನಡೆದಂತಾಗಿರುವ ಕೃತಿ ಅದು. ಚಿತ್ರಗಳಿರುವ ಅಗ್ಗದ ಪುಸ್ತಕಗಳು ಬೇಕಾದರೆ 1957ರಲ್ಲಿ ಸ್ಥಾಪಿತವಾದ ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಬಾಲ ಪುಸ್ತಕಾಲಯದವೂ, 2004ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಥಮ್ ಬುಕ್ಸ್‌ನವೂ ಕನ್ನಡದಲ್ಲಿ ಇವೆ. ಎಂಟು ಹತ್ತು ವರ್ಷದವರಿಗೆ ರಾಷ್ಟ್ರೋತ್ಥಾನ ಪರಿಷತ್ತಿನ ‘ಭಾರತ-ಭಾರತಿ’ ಮಾಲೆಯ ಕಿರುಪುಸ್ತಕಗಳು. ಅನಂತರ ಶಿವರಾಮ ಕಾರಂತರು 1936ರಲ್ಲಿ ಮೂರು ಸಂಪುಟಗಳಲ್ಲಿ ಹೊರತಂದ ‘ಬಾಲ ಪ್ರಪಂಚ’. ಅದರ ಮಾಹಿತಿ ಹಳತಾಗಿರಬಹುದು, ಕುತೂಹಲ ಹಳತಾಗಿಲ್ಲ. ನಮ್ಮ ತಲೆಮಾರಿನವರು ಕಾದು ಓದುತ್ತಿದ್ದ ‘ಚಂದಮಾಮ’ ಮದರಾಸಿನಿಂದಲೇ ಕನ್ನಡದಲ್ಲಿ ಬರುತ್ತಿತ್ತು. ಅದು ನಿಂತು ವರ್ಷಗಳೇ ಆದವು. ಹಳೆಯ ಸಂಚಿಕೆಗಳು ಮನೆಯ ಅಟ್ಟದಲ್ಲಿದ್ದರೆ ದಯಮಾಡಿ ಕೆಳಗಿಳಿಸಿ.

ತಾಯಿಗೂ ಒಂದು ಪುಸ್ತಕ ಬೇಕು. ಬಾಣಂತಿ ಓದಿದರೆ ಕಣ್ಣು ಕೆಡುತ್ತದೆಂಬ ಮಾತಿಗೆ ಆಧಾರವಿಲ್ಲ. ಮಗು ಮಲಗಿದ ಅರ್ಧ ಗಂಟೆ ಆಕೆಯದೇ ಆಗಿರಲಿ. ತ್ರಿವೇಣಿಯವರ ಕಾದಂಬರಿಗಳು, ಮಾಸ್ತಿಯವರ ಸಣ್ಣ ಕಥೆಗಳು, ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’, ಇವು ಹಗುರವಾಗಿ ಓದಿಸಿಕೊಂಡು ಹೋಗುತ್ತವೆ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ನನ್ನು ನಾನು ವಿಶೇಷವಾಗಿ ಹೇಳುತ್ತೇನೆ. ಬಾಲವಿಧವೆಯಾಗಿ, ತಾನು ತಾಯಾಗದೆ, ಊರಿನ ಹೆಂಗಸರ ಹೆರಿಗೆಗೆ ನೆರವಾದ ಹೆಣ್ಣಿನ ಕಥೆ ಅದು. ಹೆಣ್ಣು ಮಗುವನ್ನು ಎತ್ತಿಕೊಳ್ಳುವ ಮುನ್ನ ಗಂಡಸರೂ ಅದನ್ನು ಓದಬೇಕು.

ಇಷ್ಟೆಲ್ಲ ಉಪದೇಶ ಮಾಡುವ ನಾನು ಏನು ಮಾಡಿದೆನೆಂಬುದನ್ನೂ ಹೇಳದಿದ್ದರೆ ಅಪ್ರಾಮಾಣಿಕನಾಗುತ್ತೇನೆ. ಹಣೆಗೆ ಹೊಲಿಗೆ ಬಿದ್ದ ಆ ಮೊಮ್ಮಗ ಹತ್ತನೆಯ ವಯಸ್ಸಿನಲ್ಲಿ ಬೇಸಿಗೆ ರಜೆಗೆ ಬಂದಿದ್ದ. ನನ್ನ ಬೀರುವಿನಿಂದ ‘ಬಾಲ ಪ್ರಪಂಚ’ದ ಒಂದು ಸಂಪುಟವನ್ನು ತೆಗೆದು, ಚಿತ್ರಗಳನ್ನು ಬಹಳ ಹೊತ್ತು ನೋಡಿ, “ತಾತ, ಇದರಲ್ಲಿ ಏನು ಬರೆದಿದೆ?” ಎಂದು ಕೇಳಿದ. ಅವನ ಶಾಲೆಯಲ್ಲಿ ಕನ್ನಡವಿಲ್ಲ. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಹತ್ತು ಹುಟ್ಟುಹಬ್ಬಗಳಿಗೆ ನಾನು ಕೊಟ್ಟದ್ದನ್ನು ಎಣಿಸಿದೆ: ಬ್ಯಾಟರಿ ಕಾರು, ಸೈಕಲ್ಲು, ಕೈಗಡಿಯಾರ, ಕ್ರಿಕೆಟ್ ಬ್ಯಾಟು. ಕನ್ನಡ ಮಾಧ್ಯಮದಲ್ಲಿ ಓದಿ, ಕನ್ನಡ ಶಾಲೆಯ ಅನ್ನ ತಿಂದವನು ಒಂದೇ ಒಂದು ಕನ್ನಡ ಪುಸ್ತಕವನ್ನು ಕೊಟ್ಟಿರಲಿಲ್ಲ. ಶಾಲೆಯನ್ನು ದೂರಲು ನನಗೇನು ಹಕ್ಕಿದೆ?

ಈ ಶಾಲೆ ಆರಂಭವಾದಾಗ ಹೊಸೂರು, ಡೆಂಕಣಿಕೋಟೆ, ತಳಿಗಳೆಲ್ಲವೂ ಧರ್ಮಪುರಿ ಜಿಲ್ಲೆಯಲ್ಲಿಯೇ ಇದ್ದವು. 2004ರಲ್ಲಿ ಕೃಷ್ಣಗಿರಿ ಬೇರೆ ಜಿಲ್ಲೆಯಾಯಿತು. ಗಡಿಗಳು ಬದಲಾಗುತ್ತವೆ, ಕಾನೂನುಗಳೂ ಬರುತ್ತವೆ. 2006ರ ಕಾನೂನಿನಂತೆ ನಮ್ಮ ಮಕ್ಕಳು ಒಂದನೆಯ ತರಗತಿಯಿಂದ ತಮಿಳನ್ನು ಕಲಿಯುತ್ತಾರೆ. ಕಲಿಯಲಿ, ಅನ್ನ ಕೊಡುವ ನಾಡಿನ ಹಿರಿಯ ಭಾಷೆ ಅದು. ಇಂಗ್ಲಿಷನ್ನೂ ಕಲಿಯಲಿ. ಆ ಎರಡಕ್ಕೂ ಸರ್ಕಾರವಿದೆ, ಸಂತೆಯಿದೆ. ಕನ್ನಡಕ್ಕೆ ಇಲ್ಲಿ ಇರುವುದು ಈ ಶಾಲೆ ಮತ್ತು ತಾಯಿಯ ಮಡಿಲು. ಮಡಿಲಿನಲ್ಲಿ ಕನ್ನಡ ಪುಸ್ತಕ ತೆರೆಯದಿದ್ದರೆ ಶಾಲೆಯ ಬಾಗಿಲು ಎಷ್ಟು ಕಾಲ ತೆರೆದಿದ್ದೀತು?

ಆದ್ದರಿಂದ ಹಳೆಯ ವಿದ್ಯಾರ್ಥಿಗಳ ಮುಂದೆ ಒಂದು ಸಲಹೆಯನ್ನಿಡುತ್ತೇನೆ. ಸುವರ್ಣ ಮಹೋತ್ಸವದ ನೆನಪಿಗೆ ಕಮಾನು ಕಟ್ಟಿಸುವ ಮಾತಿದೆ, ಆಗಲಿ. ಅದರೊಡನೆ, ಈ ಶಾಲೆಯಲ್ಲಿ ಓದಿದವರ ಮನೆಯಲ್ಲಿ ಹುಟ್ಟುವ ಪ್ರತಿಯೊಂದು ಕೂಸಿಗೂ, ಹೆಣ್ಣಿರಲಿ ಗಂಡಿರಲಿ, ನಾಮಕರಣದ ದಿನ ಶಾಲೆಯ ಪರವಾಗಿ ಒಂದು ಕನ್ನಡ ಪುಸ್ತಕ ಸೇರಲಿ. ಒಂದು ಬ್ಯಾಟರಿ ಕಾರಿನ ಬೆಲೆಗೆ ಹತ್ತು ಕೂಸುಗಳ ಪುಸ್ತಕಗಳು ಬರುತ್ತವೆ. ಬೆಂಗಳೂರು ಹೊಸೂರಿನಿಂದ 40 ಕಿಲೋಮೀಟರು. ವಾರವಾರವೂ ಹೋಗಿಬರುವವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ಮೊದಲ ವರ್ಷದ ಪುಸ್ತಕಗಳ ವೆಚ್ಚವನ್ನು ನನ್ನ ನಿವೃತ್ತಿ ವೇತನದಿಂದ ಕೊಡುವೆನೆಂದು ಈ ಮೂಲಕ ತಿಳಿಸುತ್ತೇನೆ.

ಸೀಮಂತಕ್ಕೆ ನಾನು ಹೋಗಿದ್ದೆ. ಹೂವು, ಹಣ್ಣು, ಬಳೆಗಳ ತಟ್ಟೆಯಲ್ಲಿ ಒಂದು ಮಕ್ಕಳ ಪದ್ಯಗಳ ಪುಸ್ತಕವನ್ನಿಟ್ಟೆ. ಆ ಹೆಣ್ಣುಮಗಳು ಅದನ್ನು ತೆರೆದು, ಸುತ್ತಲೂ ಇದ್ದ ಜನರನ್ನು ಮರೆತು, ನಾಲ್ಕು ಸಾಲುಗಳನ್ನು ಮೆಲ್ಲನೆ ಓದಿದಳು. ಗರ್ಭದಲ್ಲಿದ್ದ ಕೂಸು ಕೇಳಿಸಿಕೊಂಡಿತೆಂದೇ ನನ್ನ ನಂಬಿಕೆ. ಅದು ಹೆಣ್ಣೋ ಗಂಡೋ ಈ ಸಂಚಿಕೆ ಅಚ್ಚಾಗುವ ವೇಳೆಗೆ ತಿಳಿಯುತ್ತದೆ. ಯಾವುದಾದರೂ ಸರಿ, ಐದು ವರ್ಷಗಳ ಅನಂತರ ಈ ಶಾಲೆಯ ಒಂದನೆಯ ತರಗತಿಯಲ್ಲಿ ಅದರ ಹೆಸರಿರಲಿ ಎಂದು ಹಾರೈಸುತ್ತೇನೆ.