ಪುಕ್ಕಟೆ ದುಡಿಮೆಗೂ ಪಾಠ ಬೇಕು

‘ನಾವೇನು ಸಂಬಳಕ್ಕೆ ದುಡಿಯುವವರೇ? ಬಿಡುವಿನ ಹೊತ್ತಿನಲ್ಲಿ ನುಡಿಯ ಕೆಲಸ ಮಾಡುತ್ತೇವೆ. ನಮಗೇಕೆ ವೈವಿಧ್ಯದ ತರಬೇತಿ?’ ಅಂತರ್ಜಾಲದ ಸ್ವಯಂಸೇವಕ ಸಮುದಾಯಗಳ ಮುಂದಾಳುಗಳಿಗೆ ಇಂಥ ತರಬೇತಿ ಬೇಕೆಂದಾಗಲೆಲ್ಲ ಏಳುವ ಆಕ್ಷೇಪ ಇದು. ಇದರಲ್ಲಿ ನೋವಿದೆ, ಒಪ್ಪುತ್ತೇನೆ. ಆದರೆ ನ್ಯಾಯವಿಲ್ಲ.

ವಿಕಿಪೀಡಿಯವನ್ನೇ ನೋಡಿ. ಅಲ್ಲಿನ ನಿರ್ವಾಹಕರು ಪುಟವನ್ನು ಅಳಿಸಬಲ್ಲರು, ತಿದ್ದದಂತೆ ಬೀಗ ಹಾಕಬಲ್ಲರು, ಬರೆಯುವವರನ್ನೇ ತಡೆಯಬಲ್ಲರು. ಸಂಬಳವಿಲ್ಲ, ಅಧಿಕಾರವಿದೆ. ಊರ ಗುಡಿಯ ಧರ್ಮದರ್ಶಿಯೂ ಸಂಬಳ ಪಡೆಯುವುದಿಲ್ಲ. ಹಾಗೆಂದು ಯಾರನ್ನು ಒಳಗೆ ಬಿಟ್ಟಿರಿ, ಯಾರನ್ನು ಹೊರಗೆ ನಿಲ್ಲಿಸಿದಿರಿ ಎಂದು ಅವರನ್ನು ಕೇಳಬಾರದೇ?

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾಗಿ ಕೇಳಿಸುತ್ತದೆ: ‘ನಾವು ಯಾರ ಜಾತಿ, ಲಿಂಗ ನೋಡುವುದಿಲ್ಲ. ನಿಯಮವಷ್ಟೇ ನೋಡುತ್ತೇವೆ.’ ನನ್ನ ತಕರಾರು ಇರುವುದೇ ಇಲ್ಲಿ. 2018ರ ಮೇ ತಿಂಗಳಲ್ಲಿ ಇಂಗ್ಲಿಷ್ ವಿಕಿಪೀಡಿಯದ ಸ್ವಯಂಸೇವಕರೊಬ್ಬರು ಡೋನಾ ಸ್ಟ್ರಿಕ್‌ಲ್ಯಾಂಡ್ ಕುರಿತ ಕರಡು ಲೇಖನವನ್ನು, ಆಧಾರಗಳು ಸಾಲವೆಂದು ತಿರಸ್ಕರಿಸಿದರು. ಆಕೆ ಅಮೆರಿಕದ ಆಪ್ಟಿಕಲ್ ಸೊಸೈಟಿಯ ಅಧ್ಯಕ್ಷೆಯಾಗಿದ್ದವರು. ಅದೇ ಅಕ್ಟೋಬರ್‌ನಲ್ಲಿ ಅವರಿಗೆ ಭೌತವಿಜ್ಞಾನದ ನೊಬೆಲ್ ಬಂತು. ಅದೇ ಸಂಶೋಧನೆಗಾಗಿ ಅವರೊಂದಿಗೆ ಬಹುಮಾನ ಹಂಚಿಕೊಂಡ ಪುರುಷ ವಿಜ್ಞಾನಿಯ ಪುಟ ಮಾತ್ರ ಅಲ್ಲಿ ವರ್ಷಗಳಿಂದ ಇತ್ತು. ಆ ಸ್ವಯಂಸೇವಕರು ದುಷ್ಟರೆಂದು ನಾನು ಹೇಳುತ್ತಿಲ್ಲ. ಅವರು ನಿಯಮ ಪಾಲಿಸಿದರು. ಪತ್ರಿಕೆಗಳು ಯಾರ ಬಗ್ಗೆ ಬರೆದಿಲ್ಲವೋ ಅವರನ್ನು ನಿಯಮವೂ ಕಾಣುವುದಿಲ್ಲ, ಅಷ್ಟೆ.

ನಮ್ಮ ನೆಲದ ಉದಾಹರಣೆ ಬೇಕೇ? ಬೆಳ್ತಂಗಡಿ ಸೀಮೆಯ ಗೋಪಾಲ ನಾಯ್ಕರು ಸಿರಿಯ ಕಥೆಯನ್ನು ತುಳುವಿನಲ್ಲಿ ಹಾಡುತ್ತಿದ್ದರು. ಫಿನ್ಲೆಂಡಿನ ಲೌರಿ ಹಾಂಕೊ ಅವರು ವಿವೇಕ ರೈ, ಚಿನ್ನಪ್ಪ ಗೌಡರ ಜೊತೆಗೂಡಿ 1990ರಲ್ಲಿ ಅದನ್ನು ಧ್ವನಿಮುದ್ರಿಸಿದರು. 1998ರಲ್ಲಿ ಹೆಲ್ಸಿಂಕಿಯಲ್ಲಿ ಅಚ್ಚಾದಾಗ ಅದು 15 ಸಾವಿರಕ್ಕೂ ಹೆಚ್ಚು ಸಾಲುಗಳ ಮಹಾಕಾವ್ಯ. ಈಗ ಅದಕ್ಕೆ ‘ಆಧಾರ’ ಉಂಟು. ಆದರೆ ಕಾವ್ಯ ಹುಟ್ಟಿದ್ದು 1998ರಲ್ಲಲ್ಲವಲ್ಲ! ಹಾಂಕೊ ಬಾರದ ಊರುಗಳ ಹಾಡುಗಾರರ ಗತಿ ಏನು? ಅಚ್ಚಾದದ್ದೇ ಆಧಾರ ಎನ್ನುವ ನಿಯಮ, ಅಕ್ಷರ ಯಾರ ಕೈಯಲ್ಲಿತ್ತೋ ಅವರ ಕಡೆಗೆ ಮೊದಲೇ ವಾಲಿರುತ್ತದೆ. ತರಬೇತಿ ಕಲಿಸಬೇಕಾದದ್ದು ಈ ವಾಲುವಿಕೆಯನ್ನು ಗುರುತಿಸುವುದನ್ನು.

ಹಾಗಾದರೆ ಆಧಾರವಿಲ್ಲದ್ದನ್ನೆಲ್ಲ ಒಳಗೆ ಬಿಡಬೇಕೇ? ಖಂಡಿತ ಬೇಡ, ಸುಳ್ಳಿಗೂ ಅದೇ ಬಾಗಿಲು. ಆದರೆ ಅಳಿಸುವ ಮುನ್ನ ಹುಡುಕುವುದು, ಧ್ವನಿಮುದ್ರಿಕೆ ಇದೆಯೇ ಎಂದು ಕೇಳುವುದು, ಹೊಸಬರಿಗೆ ಅವರದೇ ಮಾತಿನಲ್ಲಿ ಕಾರಣ ತಿಳಿಸುವುದು, ಇವೆಲ್ಲ ಕಲಿತರೆ ಬರುವ ಕೆಲಸಗಳು.

ಈಗ ನಡೆಯುವಂಥ ತರಬೇತಿಗಳ ಬಗ್ಗೆ ನನಗೂ ಹೆಚ್ಚಿನ ಗೌರವವಿಲ್ಲ. ಎರಡು ಗಂಟೆ ಸ್ಲೈಡು ತೋರಿಸಿ ಪ್ರಮಾಣಪತ್ರ ಕೊಟ್ಟರೆ, ಹಳೆಯ ಯಜಮಾನಿಕೆಗೆ ಹೊಸ ಮುದ್ರೆ ಒತ್ತಿದಂತೆ. ವಿಕಿಮೀಡಿಯ ಪ್ರತಿಷ್ಠಾನದ ಮಂಡಳಿ 2020ರ ಕೊನೆಗೆ ಒಪ್ಪಿದ ಸಾರ್ವತ್ರಿಕ ನೀತಿಸಂಹಿತೆಯಲ್ಲಿ, ಯಾವುದರ ಹೆಸರಿನಲ್ಲಿ ಅವಮಾನಿಸಬಾರದು ಎಂಬ ಪಟ್ಟಿಯಲ್ಲಿ ಜಾತಿಯೂ ಸೇರಿದೆ. ಒಳ್ಳೆಯದೇ. ಆದರೆ ನಮ್ಮಲ್ಲಿ ಜಾತಿ ಬೈಗುಳವಾಗಿ ಬರುವುದಕ್ಕಿಂತ ‘ನಿಮ್ಮ ಕನ್ನಡ ಶುದ್ಧವಿಲ್ಲ’, ‘ಈ ವ್ಯಕ್ತಿ ಅಷ್ಟೇನೂ ಗಣ್ಯರಲ್ಲ’ ಎಂಬ ಸಭ್ಯ ಮಾತಾಗಿ ಬರುವುದೇ ಹೆಚ್ಚು. ಇಂಗ್ಲಿಷಿನಿಂದ ಅನುವಾದಿಸಿದ ಪಾಠಕ್ಕೆ ಈ ಸಭ್ಯತೆ ಅರ್ಥವಾಗದು.

ಇನ್ನೂ ಒಂದು ಮಾತು. ಇಂಥ ಪಾಠ ಹೇಳಲು ಕರೆಯುವುದು ಸಾಮಾನ್ಯವಾಗಿ ಹೊರಗೆ ನಿಂತವರನ್ನೇ: ದಲಿತ ಬರಹಗಾರರನ್ನು, ಹೆಣ್ಣುಮಕ್ಕಳನ್ನು. ಅದೂ ಪುಕ್ಕಟೆಯಾಗಿ. ಅವರ ಗಾಯವನ್ನೇ ಪಠ್ಯ ಮಾಡಿಕೊಂಡು ಚಪ್ಪಾಳೆ ತಟ್ಟಿ ಕಳಿಸುವ ಬದಲು ಅವರ ಶ್ರಮಕ್ಕೆ ಬೆಲೆ ಕೊಡಲಿ, ನಿರ್ವಾಹಕರ ಕುರ್ಚಿಯನ್ನೂ ಕೊಡಲಿ.

ನನ್ನ ಬೇಡಿಕೆ ಸರಳ. ಅಳಿಸುವ ಅಧಿಕಾರ ಕೊಡುವ ಮುನ್ನ ತರಬೇತಿ ಇರಲಿ. ಅದರ ಪಠ್ಯ ಆ ಸಮುದಾಯವೇ ಅಳಿಸಿದ ಪುಟಗಳಾಗಿರಲಿ. ಅಳಿಸುವಿಕೆಯ ದಾಖಲೆ ವಿಕಿಪೀಡಿಯದಲ್ಲಿ ಎಲ್ಲರಿಗೂ ಕಾಣುವಂತೆಯೇ ಇದೆ. ವರ್ಷಕ್ಕೊಮ್ಮೆ ಅದನ್ನು ತೆರೆದು, ಯಾರ ಪುಟಗಳು ಹೋದವು, ಯಾಕೆ ಹೋದವು ಎಂದು ಒಟ್ಟಿಗೆ ಕುಳಿತು ಓದಲಿ. ಸಂಬಳವಿಲ್ಲದವರಿಗೂ ಇಷ್ಟು ಪುರುಸೊತ್ತು ಇದ್ದೇ ಇರುತ್ತದೆ.