ಯಕೃತ್ತಿಗೆ ಬರೆದ ವಿಳಾಸ

ಬರಿಯ ‘ಯಡಿಯೂರು’ ಎಂದಷ್ಟೇ ಬರೆದು ಅಂಚೆಪೆಟ್ಟಿಗೆಗೆ ಹಾಕಿದ ಕಾಗದವು ಎಲ್ಲಿಗೆ ಹೋಗಬೇಕು? ಕುಣಿಗಲ್ ತಾಲ್ಲೂಕಿನಲ್ಲಿ, ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿ, ಸಿದ್ಧಲಿಂಗೇಶ್ವರರ ಸನ್ನಿಧಿಯಿಂದ ನಾಡಿಗೆಲ್ಲ ಹೆಸರಾದ ಯಡಿಯೂರು ಒಂದು. ಬೆಂಗಳೂರಿನಲ್ಲಿಯೇ, ಜಯನಗರಕ್ಕೆ ಹೊಂದಿಕೊಂಡು, ತನ್ನ ಕೆರೆಯನ್ನು ಇನ್ನೂ ಉಳಿಸಿಕೊಂಡಿರುವ ಯಡಿಯೂರು ಮತ್ತೊಂದು. ತಾಲ್ಲೂಕು, ಜಿಲ್ಲೆ, 1972ರಲ್ಲಿ ಜಾರಿಗೆ ಬಂದ ಪಿನ್ ಸಂಖ್ಯೆ — ಇವುಗಳಲ್ಲಿ ಒಂದಾದರೂ ಇಲ್ಲದಿದ್ದಲ್ಲಿ ಅಂಚೆಯವನು ಎಷ್ಟೇ ಜಾಣನಾದರೂ ಕಾಗದವು ದಾರಿ ತಪ್ಪೀತು. ಈ ಶತಮಾನದ ಆರಂಭದಲ್ಲಿ ವೈದ್ಯವಿಜ್ಞಾನಕ್ಕೆ ಒದಗಿದ ತೊಡಕು ಇಂಥದೇ ಆಗಿತ್ತು. ಒಕ್ಕಣೆ ಸಿದ್ಧವಾಗಿತ್ತು, ವಿಳಾಸವಿರಲಿಲ್ಲ.

ಒಕ್ಕಣೆ ಯಾವುದೆಂಬುದನ್ನು ಮೊದಲು ನೋಡಬೇಕು. ಯಡಿಯೂರಿನಂಥ ಕ್ಷೇತ್ರದಲ್ಲಿ ದಾಸೋಹದ ಪಂಕ್ತಿಗೆ ಕುಳಿತವರು ಅಲ್ಲಿನಂಥದೇ ದೊಡ್ಡ ಅಡಿಗೆಮನೆಯೊಂದನ್ನು ಕಲ್ಪಿಸಿಕೊಳ್ಳಲಿ. ಯಾವ ಅಡಿಗೆಗೆ ಏನೇನು ಬೇಕೆಂಬ ಮೂಲಪುಸ್ತಕವು ಬೀರುವಿನಲ್ಲಿ ಭದ್ರವಾಗಿರುತ್ತದೆ. ದಿನದಿನಕ್ಕೆ ಬೇಕಾದುದನ್ನಷ್ಟೇ ಚೀಟಿಯಲ್ಲಿ ನಕಲು ಮಾಡಿ ಬಾಣಸಿಗರ ಕೈಗೆ ಕೊಡುತ್ತಾರೆ. ಜೀವಕೋಶದ ವ್ಯವಹಾರವೂ ಹೀಗೆಯೇ. ಡಿ.ಎನ್.ಎ. ಎಂಬುದು ಮೂಲಪುಸ್ತಕ, ಆರ್.ಎನ್.ಎ. ಚೀಟಿ, ಚೀಟಿಯಂತೆ ತಯಾರಾಗುವ ಪಾಕವೇ ಪ್ರೋಟೀನು. ಪುಸ್ತಕದ ಪುಟವೊಂದರಲ್ಲಿ ಹುಟ್ಟಿನಿಂದಲೇ ತಪ್ಪು ಸೇರಿದ್ದರೆ, ಇಲ್ಲವೇ ವೈರಸ್ಸೊಂದು ಒಳನುಗ್ಗಿ ತನ್ನ ಚೀಟಿಯನ್ನು ಬಾಣಸಿಗರ ಕೈಗೆ ತುರುಕಿದರೆ, ಕೇಡಿನ ಪಾಕವೇ ಒಲೆಯಿಂದ ಇಳಿಯತೊಡಗುತ್ತದೆ. ಪುಸ್ತಕವನ್ನು ತಿದ್ದುವ ಸಾಹಸಕ್ಕೆ ಹೋಗದೆ ಆ ಒಂದು ಚೀಟಿಯನ್ನು ಮಾತ್ರ ಹರಿದುಹಾಕುವುದೇ ವಂಶವಾಹಿಯನ್ನು ಮೌನಗೊಳಿಸುವ ಚಿಕಿತ್ಸೆ. ಇದಕ್ಕೆ ಇಪ್ಪತ್ತೊಂದು ಅಕ್ಷರಗಳಷ್ಟು ಉದ್ದದ, ಎರಡೆಳೆಯ ಆರ್.ಎನ್.ಎ. ತುಣುಕು ಸಾಕು, ಕೋಶದ ಯಂತ್ರವೇ ಅದಕ್ಕೆ ಹೊಂದುವ ಚೀಟಿಯನ್ನು ಹುಡುಕಿ ಕತ್ತರಿಸುತ್ತದೆ. ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೊ ಎಂಬ ಅಮೆರಿಕದ ವಿಜ್ಞಾನಿಗಳು ಒಂದು ಸಣ್ಣ ಹುಳುವಿನಲ್ಲಿ ಇದನ್ನು ಕಂಡು 1998ರಲ್ಲಿ ಪ್ರಕಟಿಸಿದರು. 2006ರಲ್ಲಿ ಅವರಿಗೆ ನೊಬೆಲ್ ಬಹುಮಾನ ಸಂದಿತು.

ಆದರೆ ಈ ತುಣುಕನ್ನು ಬರಿದಾಗಿ ರಕ್ತಕ್ಕೆ ಬಿಟ್ಟರೆ ಕೆಲವು ನಿಮಿಷಗಳಲ್ಲಿ ಅದು ಛಿದ್ರವಾಗುತ್ತದೆ. ಉಳಿದುದನ್ನು ಮೂತ್ರಪಿಂಡಗಳು ಹೊರಗೆ ಹಾಕುತ್ತವೆ. ಆದುದರಿಂದ ಅದಕ್ಕೊಂದು ಲಕೋಟೆ ಬೇಕಾಯಿತು. ಕೊಬ್ಬಿನ ಜಾತಿಯ ನಾಲ್ಕು ಬಗೆಯ ಅಣುಗಳನ್ನು ಕೂಡಿಸಿ, ಅವುಗಳ ನಡುವೆ ಆರ್.ಎನ್.ಎ. ಹುದುಗಿಸಿದ ಸೂಕ್ಷ್ಮ ಉಂಡೆಯೇ ಆ ಲಕೋಟೆ. ಅದರ ಅಡ್ಡಳತೆ ಸುಮಾರು ನೂರು ನ್ಯಾನೋಮೀಟರು. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರು. ಇಷ್ಟು ಕಿರಿದಾಗಿರುವುದಕ್ಕೆ ಅರ್ಥವಿದೆ. ಯಕೃತ್ತಿನ ಕಿರುರಕ್ತನಾಳಗಳ ಗೋಡೆಯಲ್ಲಿ, ಹಳೆಯ ತೊಟ್ಟಿಮನೆಯ ಜಾಲಂಧ್ರಗಳಂತೆ, ಸಣ್ಣ ಸಣ್ಣ ಕಿಂಡಿಗಳಿರುತ್ತವೆ. ಉಂಡೆಯು ಅವುಗಳ ಮೂಲಕ ನುಸುಳಬಲ್ಲುದು. ದಾರಿಯಲ್ಲಿ ರಕ್ತದ ಪ್ರೋಟೀನೊಂದು ಅದಕ್ಕೆ ಅಂಟಿಕೊಳ್ಳುವುದರಿಂದ ಯಕೃತ್ತಿನ ಕೋಶವು ಅದನ್ನು ತನ್ನ ಮನೆಗೆ ಹಿಂದಿರುಗಿದ ಕೊಬ್ಬೆಂದೇ ಭಾವಿಸಿ ಒಳಗೆ ಸೇರಿಸಿಕೊಳ್ಳುತ್ತದೆ. ಹಾಗೆ ಒಳಹೊಕ್ಕುದರಲ್ಲಿಯೂ ಅಲ್ಪಭಾಗ ಮಾತ್ರ ಕೋಶದ ಚೀಲದಿಂದ ಬಿಡಿಸಿಕೊಂಡು ಅಡಿಗೆಮನೆಯನ್ನು ಮುಟ್ಟುತ್ತದೆ. ಪುಣ್ಯಕ್ಕೆ, ಅಷ್ಟೇ ಸಾಕಾಗುತ್ತದೆ.

ಈ ವಿಳಾಸದ ಹುಡುಕಾಟದಲ್ಲಿ ಬೆಂಗಳೂರಿನ ಪಾಲೂ ಉಂಟು. ಹೆಪಟೈಟಿಸ್ ಸಿ ಎಂಬ ವೈರಸ್ಸು ವರ್ಷಾನುಗಟ್ಟಲೆ ಸದ್ದಿಲ್ಲದೆ ಯಕೃತ್ತನ್ನು ಕೊರೆಯುವಂಥದು. ಅದಕ್ಕೆ ಮೂಲಪುಸ್ತಕವೆಂಬುದೇ ಇಲ್ಲ, ಆರ್.ಎನ್.ಎ. ಚೀಟಿಯೇ ಅದರ ಸರ್ವಸ್ವ. ಭಾರತೀಯ ವಿಜ್ಞಾನ ಸಂಸ್ಥೆಯ ಸೌಮಿತ್ರ ದಾಸ್ ಅವರ ತಂಡವು ಆ ಚೀಟಿಯನ್ನು ಬಾಣಸಿಗನು ಓದತೊಡಗುವ ಸ್ಥಳವನ್ನೇ ಗುರಿಯಾಗಿಟ್ಟು, ಹೇರ್‌ಪಿನ್ನಿನಂತೆ ಬಾಗಿದ ಕಿರು ಆರ್.ಎನ್.ಎ.ಯೊಂದನ್ನು ರೂಪಿಸಿತು. ಲಕೋಟೆಯ ವಿಷಯದಲ್ಲಿ ದೆಹಲಿ ವಿಶ್ವವಿದ್ಯಾಲಯದ ದೇಬಿ ಪ್ರಸಾದ್ ಸರ್ಕಾರ್ ಜೊತೆಗೂಡಿದರು. ಜಪಾನಿನ ಸೆಂಡಾಯ್ ನಗರದ ಹೆಸರನ್ನು ಹೊತ್ತ ವೈರಸ್ಸೊಂದರ ತಿರುಳನ್ನು ತೆಗೆದು, ಅದರ ಹೊರಪೊರೆಯಿಂದ ಕಟ್ಟಿದ ಪೊಳ್ಳು ಕಣವೇ ಇಲ್ಲಿ ಲಕೋಟೆ. ಆ ಪೊರೆಯ ಪ್ರೋಟೀನಿನ ತುದಿಯಲ್ಲಿ ಗ್ಯಾಲಕ್ಟೋಸ್ ಎಂಬ ಸಕ್ಕರೆ ಇದೆ. ಯಕೃತ್ತಿನ ಕೋಶಗಳ ಮೇಲೆ ಈ ಸಕ್ಕರೆಯನ್ನು ಗುರುತಿಸಿ ಒಳಗೆಳೆಯುವ ಕೊಂಡಿಗಳಿವೆ. 2009ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಇಲಿಗಳ ಯಕೃತ್ತಿಗೆ ಈ ಲಕೋಟೆ ತಲಪಿತು. ವೈರಸ್ಸಿನ ಚೀಟಿಯ ಓದು ಅಲ್ಲಿ ಕುಗ್ಗಿತು. ಅದರಿಂದ ರೋಗಿಯೊಬ್ಬನು ಗುಣವಾದನೆಂದು ತಿಳಿಯಬಾರದು. ದಾರಿಯುಂಟೆಂಬುದಕ್ಕೆ ಅದು ಸಾಕ್ಷಿ, ಅಷ್ಟೆ.

ವಿಚಿತ್ರವೆಂದರೆ, ಆ ದಾರಿಯಲ್ಲಿ ಔಷಧ ಹೊರಡುವುದಕ್ಕೆ ಮುಂಚೆಯೇ ಹೆಪಟೈಟಿಸ್ ಸಿ ರೋಗಕ್ಕೆ ಗುಳಿಗೆಗಳು ಬಂದುಬಿಟ್ಟವು. 2013ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಮಂಜೂರಾದ ಸೊಫಾಸ್ಬುವಿರ್ ಕೆಲವೇ ವರ್ಷಗಳಲ್ಲಿ ನಮ್ಮ ದೇಶದ ಕಾರ್ಖಾನೆಗಳಲ್ಲಿಯೇ ತಯಾರಾಗತೊಡಗಿತು. ಜೊತೆಯ ಗುಳಿಗೆಗಳೊಂದಿಗೆ ಸಾಮಾನ್ಯವಾಗಿ ಹನ್ನೆರಡು ವಾರ ಸೇವಿಸಿದರೆ ಹೆಚ್ಚಿನ ರೋಗಿಗಳು ಗುಣಹೊಂದುತ್ತಾರೆ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಇದರ ಪರೀಕ್ಷೆಯೂ ಔಷಧವೂ ಉಚಿತ. ನ್ಯಾನೋಕಣದ ಅಭಿಮಾನಿಗಳಿಗೆ ಇದು ಕೊಂಚ ಮುಖಭಂಗವೇ. ರೋಗಿಗೆ ಮಾತ್ರ ಲಕೋಟೆಗಿಂತ ಗುಳಿಗೆಯೇ ಮೇಲು.

ಲಕೋಟೆಯು ಅದೇ 2018ರ ಆಗಸ್ಟಿನಲ್ಲಿ ಬೇರೊಂದು ರೋಗಕ್ಕೆ ನೆರವಾಯಿತು. ಯಕೃತ್ತು ತಯಾರಿಸುವ ಪ್ರೋಟೀನೊಂದು ವಂಶದೋಷದಿಂದ ವಿಕಾರಗೊಂಡು ನರಗಳಲ್ಲಿಯೂ ಹೃದಯದಲ್ಲಿಯೂ ಹೆಪ್ಪುಗಟ್ಟುವ ಕಾಯಿಲೆಯದು. ಅದಕ್ಕೆ ಹಿಂದೆ ಇದ್ದ ದೊಡ್ಡ ಉಪಾಯ ಯಕೃತ್ತನ್ನೇ ಬದಲಿಸುವುದು. ಪ್ಯಾಟಿಸಿರಾನ್ ಎಂಬ ಮದ್ದನ್ನು ಮೂರು ವಾರಕ್ಕೊಮ್ಮೆ ನರಕ್ಕೆ ಹನಿಸಿದರೆ ಆ ಚೀಟಿ ಹರಿಯುತ್ತಿರುತ್ತದೆ. ಇದರ ವಾರ್ಷಿಕ ಬೆಲೆಯೆಂದು ಅಮೆರಿಕದಲ್ಲಿ ಆಗ ಸಾರಿದ್ದು ನಾಲ್ಕೂವರೆ ಲಕ್ಷ ಡಾಲರು, ಎಂದರೆ ಮೂರು ಕೋಟಿ ರೂಪಾಯಿಗೂ ಮಿಗಿಲು. ಮನೆ ಮಾರಿದರೂ, ಮಗಳ ಮದುವೆಗೆಂದು ಕೂಡಿಟ್ಟ ಒಡವೆ ಮಾರಿದರೂ, ಮಧ್ಯಮವರ್ಗದ ಸಂಸಾರಕ್ಕೆ ಒಂದು ವರ್ಷದ ಮದ್ದು ದಕ್ಕದು. ತರುವಾಯದ ಹಲವು ಮದ್ದುಗಳು ಉಂಡೆಯನ್ನೂ ಬಿಟ್ಟಿವೆ. ಆರ್.ಎನ್.ಎ. ತುಣುಕಿಗೆ ಗ್ಯಾಲಕ್ಟೋಸಿನ ಸಮೀಪಬಂಧುವಾದ ಸಕ್ಕರೆಯನ್ನು ನೇರವಾಗಿ ಪೋಣಿಸಿ ಚರ್ಮದಡಿಗೆ ಚುಚ್ಚಿದರೆ, 2009ರ ಪ್ರಯೋಗದಲ್ಲಿ ಬಳಸಿದ ಆ ಕೊಂಡಿಯೇ ಅದನ್ನು ಹಿಡಿದು ಯಕೃತ್ತಿನ ಕೋಶದೊಳಗೆ ಬಿಡುತ್ತದೆ.

ಈಗ ಇದೇ ಸಕ್ಕರೆಯ ವಿಳಾಸ ಹೊತ್ತ ಮದ್ದುಗಳು ಹೆಪಟೈಟಿಸ್ ಬಿ ರೋಗಿಗಳ ಮೇಲೆ ಪರೀಕ್ಷೆಗೊಳಗಾಗುತ್ತಿವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಸುಮಾರು 2.98 ಕೋಟಿ ಜನರಿಗೆ ಆ ಸೋಂಕಿತ್ತು. ಸಿ ವೈರಸ್ಸಿನಂತೆ ಅದು ಬರಿಯ ಚೀಟಿಯಲ್ಲ. ಕೋಶದ ಬೀರುವಿನೊಳಗೇ ತನ್ನ ಪುಸ್ತಕವನ್ನಿಟ್ಟು ಕುಳಿತುಕೊಳ್ಳುತ್ತದೆ. ಚೀಟಿಗಳನ್ನು ಎಷ್ಟು ಹರಿದರೂ ಪುಸ್ತಕ ಉಳಿಯುವುದರಿಂದ, ಇತರ ಔಷಧಗಳ ಜೊತೆಗೂಡಿಸಿ ನೋಡುತ್ತಿದ್ದಾರೆ. ಅಲ್ಲಿಯವರೆಗೆ ರೋಗಿಗಳಲ್ಲಿ ಹಲವರಿಗೆ ದೀರ್ಘಕಾಲ ನುಂಗಬೇಕಾದ ಗುಳಿಗೆಗಳೇ ಗತಿ. ಹಸುಗೂಸಿಗಾದರೆ ಹುಟ್ಟಿದ 24 ಗಂಟೆಗಳೊಳಗೆ ಹಾಕುವ ಹೆಪಟೈಟಿಸ್ ಬಿ ಲಸಿಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಹಣವಿಲ್ಲದೆ ದೊರೆಯುತ್ತದೆ.