ನಲವತ್ತಕ್ಕೆ ಮುದುಕ, ಐವತ್ತೆಂಟಕ್ಕೆ ಪಿಂಚಣಿ

ಪೀಣ್ಯ ಎರಡನೇ ಹಂತದ ಗೇಟುಗಳನ್ನು ಒಂದು ಸಲ ಓದಿಕೊಂಡು ಬನ್ನಿ. ಸಿಎನ್‌ಸಿ ಆಪರೇಟರ್ ಬೇಕಾಗಿದ್ದಾರೆ, ವಯಸ್ಸು 18ರಿಂದ 28. ವಿಎಂಸಿ ಸೆಟ್ಟರ್, 30ರ ಒಳಗೆ. ಹೆಲ್ಪರ್, 25ರ ಒಳಗೆ. ಕಾಂಪೌಂಡಿಗೆ ಕಟ್ಟಿದ ಫ್ಲೆಕ್ಸಿನಲ್ಲೂ ಲೈಟು ಕಂಬಕ್ಕೆ ಅಂಟಿಸಿದ ಚೀಟಿಯಲ್ಲೂ ಇದೇ ಪಾಠ. ಐವತ್ತರ ಆಸುಪಾಸಿನವನನ್ನು ಕರೆಯುವ ಬೋರ್ಡು ಒಂದೇ ಬಗೆಯದು: ಸೆಕ್ಯುರಿಟಿ ಗಾರ್ಡ್ ಬೇಕಾಗಿದ್ದಾರೆ, ಹನ್ನೆರಡು ಗಂಟೆ ಡ್ಯೂಟಿ, ಯೂನಿಫಾರಂ ದುಡ್ಡು ಮೊದಲ ಸಂಬಳದಲ್ಲಿ ಕಟ್. ಒಳಗೆ ಯಂತ್ರ ನಡೆಸಲು ಮುದುಕನಾದವನು ಹೊರಗೆ ರಾತ್ರಿಯಿಡೀ ನಿಂತಿರಲು ಮಾತ್ರ ಗಟ್ಟಿಮುಟ್ಟು. ಈ ಲೆಕ್ಕ ಬರೆದ ಮಹಾನುಭಾವ ಯಾರು?

ನಾನು ಟೂಲ್‌ರೂಮಿನವನು. ಐಟಿಐ ಮುಗಿಸಿ ಟರ್ನರ್ ಆಗಿ ಸೇರಿದೆ, ಲೇತಿನಿಂದ ಸಿಎನ್‌ಸಿಗೆ ದಾಟಿದೆ. ಕಂಪನಿಗೆ ಹೊಸ ಯಂತ್ರ ಬಂದಾಗಲೆಲ್ಲ ಮೊದಲು ಅದರ ಮುಂದೆ ನಿಲ್ಲಿಸುತ್ತಿದ್ದದ್ದು ನನ್ನಂಥವರನ್ನೇ. ಆ ಕಂಪನಿ ಲೈನನ್ನು ಊರಾಚೆಗೆ ಸಾಗಿಸಿತು. ನಮ್ಮ ಶೆಡ್ಡಿಗೆ ಯಾರದೋ ಗೋದಾಮು ಬಾಡಿಗೆಗೆ ಬಂತು. ಯಂತ್ರಗಳು ಲಾರಿ ಹತ್ತಿದವು, ನಮ್ಮನ್ನು ಹತ್ತಿಸಲಿಲ್ಲ. ಕೆಲಸದಿಂದ ತೆಗೆದರು ಎಂದು ಬರೆಯೋಣವೆಂದರೆ ಅದಕ್ಕೆ ದಾಖಲೆಯಿಲ್ಲ. ದಾಖಲೆಯ ಪ್ರಕಾರ ನಾವೇ ಬಿಟ್ಟವರು. ಎಚ್‌ಆರ್ ಕೋಣೆಗೆ ಒಬ್ಬೊಬ್ಬರನ್ನೇ ಕರೆದರು. ಮೇಜಿನ ಮೇಲೆ ಮೊದಲೇ ಟೈಪು ಮಾಡಿಟ್ಟ ಹಾಳೆ. ವೈಯಕ್ತಿಕ ಕಾರಣಗಳಿಂದ ಸ್ವಇಚ್ಛೆಯಿಂದ ರಾಜೀನಾಮೆ ನೀಡುತ್ತಿದ್ದೇನೆ ಎಂದು ಅಚ್ಚಾಗಿತ್ತು, ಹೆಸರಿನ ಜಾಗ ಮಾತ್ರ ಖಾಲಿ. ಪಕ್ಕದಲ್ಲಿ ಪೆನ್ನು. ಸಹಿ ಹಾಕಿದರೆ ರಿಲೀವಿಂಗ್ ಲೆಟರ್ ಮತ್ತು ಸೆಟ್ಲ್‌ಮೆಂಟ್ ಚೆಕ್ಕು, ಹಾಕದಿದ್ದರೆ ಕೋರ್ಟು ಕಚೇರಿ ಅಲೆದುಕೊಂಡಿರಿ ಎಂದರು. ಹಾಕಿದೆವು. ಚೆಕ್ಕಿನಲ್ಲಿ ಗ್ರಾಚ್ಯುಟಿ ಅರ್ಧ ಬಂತು, ಉಳಿದದ್ದು ಪ್ರೊಸೆಸ್‌ನಲ್ಲಿದೆಯಂತೆ, ಇವತ್ತಿಗೂ ಇದೆ. ಅಷ್ಟು ಜನರ ವೈಯಕ್ತಿಕ ಕಾರಣ ಒಂದೇ ಬೆಳಿಗ್ಗೆ, ಒಂದೇ ಫಾಂಟಿನಲ್ಲಿ ಹುಟ್ಟಿದ್ದು ಯಾವ ಅಧಿಕಾರಿಗೂ ವಿಚಿತ್ರ ಅನ್ನಿಸಲಿಲ್ಲ.

ಆ ಸಹಿಗೆ ಯಾಕಷ್ಟು ಬೆಲೆ ಎಂಬುದು 1947ರ ಕೈಗಾರಿಕಾ ವಿವಾದಗಳ ಕಾಯ್ದೆ ತೆರೆದರೆ ತಿಳಿಯುತ್ತದೆ. ಕಾರ್ಮಿಕನನ್ನು ತೆಗೆಯುವುದಾದರೆ ಒಂದು ತಿಂಗಳ ನೋಟಿಸು, ದುಡಿದ ಪ್ರತಿ ವರ್ಷಕ್ಕೆ ಹದಿನೈದು ದಿನದ ಸಂಬಳದ ಪರಿಹಾರ ಎಂದಿತ್ತು 25ಎಫ್ ಕಲಂ. ಕೊನೆಗೆ ಬಂದವನು ಮೊದಲು ಹೊರಗೆ ಎಂದಿತ್ತು 25ಜಿ. ಮತ್ತೆ ಜನ ಬೇಕಾದಾಗ ತೆಗೆದವರಿಗೇ ಮೊದಲ ಅವಕಾಶ ಎಂದಿತ್ತು 25ಎಚ್. ಹಳಬನಾಗಿರುವುದು ಆ ಕಾಯ್ದೆಯ ಕಣ್ಣಲ್ಲಿ ಒಂದು ಯೋಗ್ಯತೆಯಾಗಿತ್ತು. ಸ್ವಇಚ್ಛೆಯ ರಾಜೀನಾಮೆ ಈ ಮೂರನ್ನೂ ಒಂದೇ ಏಟಿಗೆ ಅಳಿಸುತ್ತದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಆ ಸಾಲುಗಳನ್ನು ಉಳಿಸಿಕೊಂಡಿದೆ, ಹಲ್ಲು ಕಿತ್ತು. ತೆಗೆದವರನ್ನು ಮತ್ತೆ ಕರೆಯಬೇಕಾದ ಹೊಣೆ ಒಂದೇ ವರ್ಷಕ್ಕೆ ಮುಗಿಯುತ್ತದೆ. ನೂರು ಜನರಿದ್ದ ಕಾರ್ಖಾನೆ ಜನ ತೆಗೆಯಲು ಸರ್ಕಾರದ ಅನುಮತಿ ಕೇಳಬೇಕಿತ್ತು, ಆ ಗೆರೆ ಈಗ ಮುನ್ನೂರಕ್ಕೆ ಏರಿದೆ. ಪೀಣ್ಯದ ಬಹುಪಾಲು ಶೆಡ್ಡುಗಳು ಆ ಗೆರೆಯ ಹತ್ತಿರವೂ ಸುಳಿಯುವುದಿಲ್ಲ. ಅಳುವ ಮಗುವಿನ ಬಾಯಿಗೆ ಪೆಪ್ಪರ್‌ಮೆಂಟು ಇಟ್ಟಂತೆ ಮರುಕೌಶಲ ನಿಧಿ ಎಂದೊಂದನ್ನು ಇಟ್ಟಿದ್ದಾರೆ. ಕೆಲಸದಿಂದ ತೆಗೆದವನ ಖಾತೆಗೆ ನಲವತ್ತೈದು ದಿನದೊಳಗೆ ಹದಿನೈದು ದಿನದ ಸಂಬಳ ಬೀಳುತ್ತದೆ. ಅರ್ಧ ಆಯುಷ್ಯ ಸವೆಸಿ ಕಲಿತ ಕಸುಬು ಬಿಟ್ಟು ಇನ್ನೊಂದು ಕಲಿಯಲು ಹದಿನೈದು ದಿನದ ಕೂಲಿ! ಹಾಳೆಗೆ ಸಹಿ ಹಾಕಿ ಬಂದವನಿಗೆ ಅದೂ ಇಲ್ಲ.

ವಯಸ್ಸು ಬರೀ ನೆಪ, ಮೊದಲು ಇದನ್ನು ಹೇಳಿಬಿಡುತ್ತೇನೆ. ಸಿಎನ್‌ಸಿ ಯಂತ್ರ ಆಪರೇಟರಿನ ಹುಟ್ಟಿದ ದಿನಾಂಕ ಕೇಳುವುದಿಲ್ಲ. ಕೇಳುವವನು ಮಾಲೀಕ, ಮತ್ತು ಅವನು ಕೇಳುತ್ತಿರುವುದು ವಯಸ್ಸನ್ನಲ್ಲ. ಹಳಬನ ಸಂಬಳ ಹೆಚ್ಚು, ಅದೊಂದು. ಅದಕ್ಕಿಂತ ದೊಡ್ಡದು ಹಳಬನ ನೆನಪು. ಓವರ್‌ಟೈಮಿಗೆ ಎರಡರಷ್ಟು ಕೂಲಿ ಕೊಡಬೇಕು ಎಂಬುದು ಅವನಿಗೆ ನೆನಪಿದೆ. ಬೋನಸ್ಸು ಶೇ 8.33ಕ್ಕಿಂತ ಕೆಳಗಿಳಿಯಬಾರದು ಎಂಬುದು ನೆನಪಿದೆ. ಪ್ರೆಸ್ಸಿನ ಗಾರ್ಡ್ ಬಿಚ್ಚಿಟ್ಟು ಪ್ರೊಡಕ್ಷನ್ ಏರಿಸಿದ ತಿಂಗಳು ಯಾರ ಬೆರಳು ಹೋಯಿತು ಎಂಬುದೂ ನೆನಪಿದೆ. ಇಂಥವನು ಲೈನಿನಲ್ಲಿದ್ದರೆ ಪಕ್ಕದ ಹುಡುಗನಿಗೂ ಹೇಳಿಕೊಡುತ್ತಾನೆ. ಫ್ಲೆಕ್ಸಿನಲ್ಲಿ 28 ಎಂದು ಬರೆಯುವವರು ಹೆದರುವುದು ಇದಕ್ಕೆ, ನಮ್ಮ ಮೊಣಕಾಲು ನೋವಿಗಲ್ಲ.

ನಮ್ಮ ಕೈಗೆ ಏನೂ ಆಗಿಲ್ಲ ಎಂಬುದು ಅವರಿಗೆ ಚೆನ್ನಾಗಿಯೇ ಗೊತ್ತು. ಹೆಗ್ಗನಹಳ್ಳಿ ಕ್ರಾಸ್ ಆಚೆ ಒಂದು ಶೆಡ್ಡಿಗೆ ಕೆಲಸ ಕೇಳಿಕೊಂಡು ಹೋಗಿದ್ದೆ. ಓನರಿನ ಮಗ, ಚಿಕ್ಕ ವಯಸ್ಸು, ಮಾತು ಬಹಳ ಸಭ್ಯ. “ಅಂಕಲ್, ಒಂದು ಟೆಸ್ಟ್ ಪೀಸ್ ಮಾಡಿ ತೋರಿಸಿ” ಎಂದ. ಸ್ಟೇನ್‌ಲೆಸ್ ಸ್ಟೀಲಿನ ಬುಷ್ ಅದು. ರಿಜೆಕ್ಟ್ ಆದದ್ದು ಒಂದು ಟ್ರೇ ತುಂಬ ಬಿದ್ದಿತ್ತು, ಬೋರ್ ಒಳಗೆಲ್ಲ ಚ್ಯಾಟರ್ ಗುರುತು. ನೋಡಿದರೆ ಬೋರಿಂಗ್ ಬಾರ್ ಬೇಕಾದ್ದಕ್ಕಿಂತ ಉದ್ದ ಚಾಚಿಕೊಂಡಿದೆ, ಸಾಫ್ಟ್ ಜಾ ಸವೆದಿದೆ. ಜಾ ಮತ್ತೆ ಬೋರ್ ಮಾಡಿ, ಬಾರನ್ನು ಒಳಕ್ಕೆ ಎಳೆದು ಬಿಗಿದು, ಇನ್ಸರ್ಟ್ ತಿರುಗಿಸಿ, ಸ್ಪೀಡು ಇಳಿಸಿ, ಆಫ್‌ಸೆಟ್ ಕೊಟ್ಟೆ. ಬೋರ್ ಗೇಜಿನ ಮುಳ್ಳು ಡ್ರಾಯಿಂಗು ಹೇಳಿದ ಜಾಗಕ್ಕೆ ಬಂದು ನಿಂತಿತು. ಟ್ರೈನಿ ಹುಡುಗ ಪಕ್ಕದಲ್ಲಿ ನಿಂತು ಎಲ್ಲವನ್ನೂ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳುತ್ತಿದ್ದ, ಮಾಡಲು ಅವನಿಗೆ ಹೇಳಿದ್ದರು. ಆಮೇಲೆ ಸಣ್ಣ ಓನರು ಬಯೋಡೇಟಾ ತಿರುವಿ, “ಏಜ್ ಎಷ್ಟು ಅಂಕಲ್?” ಎಂದ. ನಲವತ್ತೊಂಬತ್ತು ಎಂದೆ. “ಫೋನ್ ಮಾಡ್ತೀವಿ” ಎಂದ. ಗೇಟು ದಾಟುವಾಗ ಯಂತ್ರ ನನ್ನ ಸೆಟ್ಟಿಂಗಿನಲ್ಲೇ ಓಡುತ್ತಿತ್ತು. ಟೀ ಕೊಟ್ಟಿದ್ದರು, ಅದನ್ನೂ ಹೇಳಬೇಕು.

ಆ ಟ್ರೈನಿ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನನ್ನು ನನ್ನ ಎದುರಾಳಿಯಾಗಿ ನಿಲ್ಲಿಸಿದವರ ಮೇಲಿದೆ. 2016ರಲ್ಲಿ ಬಂದ ರಾಷ್ಟ್ರೀಯ ಶಿಶಿಕ್ಷು ಉತ್ತೇಜನ ಯೋಜನೆಯಲ್ಲಿ ಅಪ್ರೆಂಟಿಸ್‌ಗೆ ಕೊಡುವ ಸ್ಟೈಪೆಂಡಿನ ಕಾಲುಭಾಗವನ್ನು, ತಿಂಗಳಿಗೆ 1,500 ರೂಪಾಯಿಯವರೆಗೆ, ಸರ್ಕಾರವೇ ತುಂಬುತ್ತದೆ. ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಅವನು ಕಾರ್ಮಿಕನೇ ಅಲ್ಲ, ಕಲಿಯುವವನು. ಪಿಎಫ್ ಇಲ್ಲ, ಇಎಸ್‌ಐ ಇಲ್ಲ. ಕಲಿಸುವವನನ್ನು ಗೇಟಿನಾಚೆ ಹಾಕಿದ ಮೇಲೆ ಅವನು ಕಲಿಯುವುದು ಯಾರಿಂದ ಎಂದು ಯಾವ ಇಲಾಖೆಯೂ ಕೇಳುವುದಿಲ್ಲ. ಅವಧಿ ಮುಗಿದ ಕೂಡಲೇ ಅವನ ಜಾಗಕ್ಕೆ ಇನ್ನೊಬ್ಬ ಟ್ರೈನಿ. ಜೊತೆಗೆ 2023ರಲ್ಲಿ ನಮ್ಮ ರಾಜ್ಯ ಕಾರ್ಖಾನೆ ಕಾಯ್ದೆ ತಿದ್ದಿ ದಿನಕ್ಕೆ ಹನ್ನೆರಡು ಗಂಟೆ ದುಡಿಸಲು ದಾರಿ ಮಾಡಿಕೊಟ್ಟಿತು. ಯಾರೂ ವಿಧಾನಸೌಧದಲ್ಲಿ ನಿಂತು ನಲವತ್ತು ದಾಟಿದವರು ಹೊರಗಿರಿ ಎನ್ನಲಿಲ್ಲ. ಹನ್ನೆರಡು ಗಂಟೆ ಎಂದರು, ಅಷ್ಟು ಸಾಕಾಯಿತು. ಆ ಹುಡುಗನೂ ಇದೇ ಪಾಳಿಯಲ್ಲಿ ಸವೆದು ಮೂವತ್ತಕ್ಕೇ ಫ್ಲೆಕ್ಸಿನ ಹೊರಗೆ ಬೀಳುತ್ತಾನೆ.

ಹಾಗೆ ಬಿದ್ದವನಿಗೆ ಆಸರೆ ಏನು? ಪಿಎಫ್ ಕಚೇರಿಯ ಲೆಕ್ಕದಲ್ಲಿ ನಾನು ಇನ್ನೂ ಯುವಕ. 1995ರ ಪಿಂಚಣಿ ಯೋಜನೆ 58ಕ್ಕೆ ಪಿಂಚಣಿ ಕೊಡುತ್ತದೆ. ಐವತ್ತರ ಮೇಲೆ ಬೇಗ ಬೇಕೆಂದರೆ ವರ್ಷಕ್ಕೆ ಶೇ 4ರಂತೆ ಕಡಿತ. ಕನಿಷ್ಠ ಪಿಂಚಣಿ ಎಷ್ಟು ಗೊತ್ತೆ? 2014ರಲ್ಲಿ ನಿಗದಿಯಾದ ಸಾವಿರ ರೂಪಾಯಿ. ರಾಜ್ಯದ ಸಂಧ್ಯಾ ಸುರಕ್ಷಾ 65ಕ್ಕೆ, ತಿಂಗಳಿಗೆ 1,200. ಯುವನಿಧಿ ಪದವಿ, ಡಿಪ್ಲೊಮಾ ಮುಗಿಸಿದ ಹುಡುಗರಿಗೆ. ಅವರಿಗೆ ಕೊಡಬೇಡಿ ಎನ್ನುವಷ್ಟು ಸಣ್ಣವನಲ್ಲ ನಾನು, ಅವರಲ್ಲಿ ನನ್ನ ಮಗಳೂ ಒಬ್ಬಳು. ಆದರೆ ಮಾರುಕಟ್ಟೆ ನಲವತ್ತಕ್ಕೆ ಮುದುಕನೆಂದು ತೀರ್ಪು ಕೊಟ್ಟು, ಸರ್ಕಾರ ಐವತ್ತೆಂಟಕ್ಕೆ ಒಪ್ಪಿಕೊಳ್ಳುವ ನಡುವಿನ ಹದಿನೆಂಟು ವರ್ಷ ಮನುಷ್ಯ ಏನು ತಿನ್ನಬೇಕು? ಮಕ್ಕಳ ಕಾಲೇಜು ಫೀಸು, ಮನೆ ಸಾಲ, ತಂದೆತಾಯಿಯ ಆಸ್ಪತ್ರೆ, ಎಲ್ಲ ಬಂದು ಕೂರುವುದು ಇದೇ ಹದಿನೆಂಟರಲ್ಲಿ. ಬಿಪಿ, ಶುಗರ್ ಶುರುವಾಗುವ ವಯಸ್ಸಿಗೆ ಸರಿಯಾಗಿ ಕೆಲಸದ ಜೊತೆ ಇಎಸ್‌ಐ ಕಾರ್ಡೂ ಸತ್ತುಹೋಗುತ್ತದೆ. ಅಟಲ್ ಬೀಮಿತ ವ್ಯಕ್ತಿ ಕಲ್ಯಾಣ ಯೋಜನೆ ಎಂದೊಂದಿದೆ, ಜೀವಮಾನದಲ್ಲಿ ಒಮ್ಮೆ, ತೊಂಬತ್ತು ದಿನ, ಸರಾಸರಿ ಕೂಲಿಯ ಅರ್ಧ. ಸ್ವಇಚ್ಛೆಯಿಂದ ನಿವೃತ್ತನಾದವನಿಗೆ ಅದು ಸಿಗದು. ಎಚ್‌ಆರ್ ಕೋಣೆಯ ಆ ಹಾಳೆ ನಮ್ಮ ಹಿಂದೆ ಎಲ್ಲಿಯವರೆಗೆ ಬರುತ್ತದೆ ನೋಡಿ.

ಈ ಹದಿನೆಂಟು ವರ್ಷದ ಹೊಂಡವನ್ನು ಮೊದಲು ಕಂಡು ಬೀದಿಗಿಳಿದವರು ನಾವು ಗಂಡಸರಲ್ಲ. 2016ರ ಫೆಬ್ರುವರಿಯಲ್ಲಿ ಕೇಂದ್ರ ಒಂದು ಅಧಿಸೂಚನೆ ಹೊರಡಿಸಿತು: ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ತುಂಬುವವರೆಗೆ ತೆಗೆಯುವಂತಿಲ್ಲ. ದೆಹಲಿಯಲ್ಲಿ ಕೂತು ಬರೆದವರಿಗೆ ಅದು ಉಳಿತಾಯದ ಮಾತು. ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಅದರ ಅರ್ಥ ತಕ್ಷಣ ಹೊಳೆಯಿತು. ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್ಟಿನ ಕೆಳಗೆ, ನೀರು ಕುಡಿದರೆ ಟಾಯ್ಲೆಟ್ಟಿಗೆ ಏಳಬೇಕಾಗುತ್ತದೆಂದು ನೀರನ್ನೇ ಬಿಟ್ಟು ಹೊಲಿಯುವವರು ಅವರು. ಐವತ್ತೆಂಟರವರೆಗೆ ಮಷಿನ್ನಿನ ಮುಂದೆ ಕೂತವಳನ್ನು ಅವರು ಯಾವ ಲೈನಿನಲ್ಲೂ ಕಂಡವರಲ್ಲ. ಏಪ್ರಿಲ್ 18 ಮತ್ತು 19ರಂದು ಬೊಮ್ಮನಹಳ್ಳಿಯಿಂದ ಹೊಸೂರು ರಸ್ತೆಯುದ್ದಕ್ಕೂ, ಇತ್ತ ಜಾಲಹಳ್ಳಿ ಕ್ರಾಸ್, ಪೀಣ್ಯದ ಕಡೆಗೂ ಸಾವಿರ ಸಾವಿರ ಹೆಂಗಸರು ಫ್ಯಾಕ್ಟರಿ ಬಿಟ್ಟು ರಸ್ತೆಯಲ್ಲಿ ಕೂತರು. ಲಾಠಿ ಬಿತ್ತು, ಅಶ್ರುವಾಯು ಸಿಡಿಯಿತು. ಎರಡನೇ ದಿನಕ್ಕೆ ಕೇಂದ್ರ ಸರ್ಕಾರ ಅಧಿಸೂಚನೆ ಹಿಂತೆಗೆಯಿತು. ಅವರನ್ನು ಯಾವ ದೊಡ್ಡ ಯೂನಿಯನ್ನೂ ಕರೆದಿರಲಿಲ್ಲ, ವೇದಿಕೆ ಇರಲಿಲ್ಲ, ಶಾಲು ಹೊದ್ದ ನಾಯಕರೂ ಇರಲಿಲ್ಲ. ಟ್ರಾಫಿಕ್ ಜಾಮ್ ಆಯಿತೆಂದು ಕಾರಿನಲ್ಲಿ ಕೂತು ಬೈದವರಲ್ಲಿ ಎಷ್ಟೋ ಜನರ ಪಿಎಫ್ ಹಣ ಕೂಡ ಆ ಎರಡು ದಿನದಿಂದಲೇ ಉಳಿಯಿತು. 2025ರ ಅಕ್ಟೋಬರಿನಲ್ಲಿ ಪಿಎಫ್ ಮಂಡಳಿ ಮತ್ತೆ ಕೈಹಾಕಿದೆ. ಕೆಲಸ ಹೋದವನು ಪೂರ್ತಿ ಹಣ ಪಡೆಯಲು ಎರಡು ತಿಂಗಳ ಬದಲು ಹನ್ನೆರಡು ತಿಂಗಳು ಕಾಯಬೇಕು, ಪಿಂಚಣಿ ಖಾತೆಯದಕ್ಕೆ ಮೂವತ್ತಾರು ತಿಂಗಳು ಎಂದು ತೀರ್ಮಾನಿಸಿತು. ಈ ಸಲ ರಸ್ತೆ ಖಾಲಿಯಿತ್ತು.

ಕೋಲಾರದ ಚಿನ್ನದ ಗಣಿಯನ್ನು 2001ರ ಫೆಬ್ರುವರಿ 28ರಂದು ಮುಚ್ಚಿದಾಗಲೂ ಬೆಂಗಳೂರು ಅದನ್ನು ಪೇಪರಿನಲ್ಲಿ ಓದಿ ಮಡಿಚಿಟ್ಟಿತು. ಮೂರು ಕಿಲೋಮೀಟರು ಆಳಕ್ಕೆ ಇಳಿದು ಬಂಡೆ ಒಡೆದ ಊರಿನ ಜನ ಈಗ ನಸುಕಿಗೇ ರೈಲು ಹಿಡಿದು ಈ ನಗರಕ್ಕೆ ಬಂದು ಅಪಾರ್ಟ್‌ಮೆಂಟುಗಳ ಗೇಟು ತೆರೆಯುತ್ತಾರೆ. ಎಚ್‌ಎಂಟಿ ಗಡಿಯಾರ ಕಂಪನಿಯನ್ನು ಮುಚ್ಚಲು 2016ರ ಜನವರಿಯಲ್ಲಿ ಸಂಪುಟ ಒಪ್ಪಿದಾಗ ನಾವೆಲ್ಲ ಹಳೆಯ ವಾಚಿನ ಫೋಟೊ ಹಾಕಿ ಕಣ್ಣೀರು ಹಾಕಿದೆವು. ವಾಚಿಗೆ, ಅದನ್ನು ಜೋಡಿಸಿದವರಿಗಲ್ಲ. ಈಗ ಸರದಿ ವೈಟ್‌ಫೀಲ್ಡಿನವರದು. ನಲವತ್ತೈದಾದ ಟೆಕ್ಕಿಗಳು ನಮ್ಮ ಭಾಷೆಯನ್ನೇ ಆಡುತ್ತಿದ್ದಾರೆ: ನೀವೇ ಪೇಪರ್ ಹಾಕಿ, ಇಲ್ಲದಿದ್ದರೆ ಎಕ್ಸ್‌ಪೀರಿಯನ್ಸ್ ಲೆಟರ್ ಕೆಡಿಸುತ್ತೇವೆ. ಸ್ಥಾಯಿ ಆದೇಶಗಳ ಕಾಯ್ದೆಯಿಂದ ಅವರ ಕಂಪನಿಗಳಿಗೆ ರಾಜ್ಯ ಸರ್ಕಾರ ವರ್ಷಗಟ್ಟಲೆ ವಿನಾಯಿತಿ ಕೊಡುತ್ತ ಬಂದಾಗ ಅವರಿಗೆ ಅದು ತಮ್ಮ ವಿಷಯ ಅನ್ನಿಸಿರಲಿಲ್ಲ. ಬರಲಿ, ನಮ್ಮ ಸಾಲಿನಲ್ಲಿ ಜಾಗ ಬೇಕಾದಷ್ಟಿದೆ.

ಎಲ್ಲಕ್ಕಿಂತ ಮೈ ಉರಿಯುವುದು ನಾಚಿಕೆಯನ್ನು ನಮ್ಮ ತಲೆಗೆ ಕಟ್ಟಿರುವುದಕ್ಕೆ. ಇಂಟರ್‌ವ್ಯೂ ಹಿಂದಿನ ರಾತ್ರಿ ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ತಲೆಗೆ ಬಣ್ಣ ಹಚ್ಚುವ ಗಂಡಸರನ್ನು ಬಲ್ಲೆ. ಬಯೋಡೇಟಾದಿಂದ ಮೊದಲ ಎರಡು ಕಂಪನಿಯನ್ನೇ ಅಳಿಸಿ ಹತ್ತು ವರ್ಷ ಕಿರಿಯರಾಗುವವರನ್ನು ಬಲ್ಲೆ. ಅನುಭವವನ್ನು ಕದ್ದ ಮಾಲಿನ ಹಾಗೆ ಬಚ್ಚಿಡಬೇಕಾಗಿದೆ! ಅತ್ತ ವಾಟ್ಸ್ಆ್ಯಪಿನಲ್ಲಿ ಪ್ರವಚನ: ಅಪ್‌ಡೇಟ್ ಆಗಿ, ಪಾಸಿಟಿವ್ ಆಗಿರಿ, ಸ್ವಂತ ಏನಾದರೂ ಮಾಡಿ. ಮದುವೆ ಮನೆಯಲ್ಲಿ ಸಿಗುವ ಭಾವಮೈದುನನೂ ಇದನ್ನೇ ಹೇಳುತ್ತಾನೆ, ಅವನದು ಸರ್ಕಾರಿ ನೌಕರಿ. ಶಾಸಕನಾಗಲು ಕನಿಷ್ಠ 25 ಆಗಿರಬೇಕು, ಗರಿಷ್ಠಕ್ಕೆ ಮಿತಿಯಿಲ್ಲ. ಎಪ್ಪತ್ತು ದಾಟಿ ಟಿಕೆಟ್ಟಿಗೆ ಗುದ್ದಾಡುವವರು ನಮಗೆ ಡೈನಮಿಕ್ ಯುವಶಕ್ತಿಯ ಮೇಲೆ ಭಾಷಣ ಮಾಡುತ್ತಾರೆ.

ಅಮೆರಿಕ 1967ರಲ್ಲೇ ನಲವತ್ತು ದಾಟಿದವರನ್ನು ವಯಸ್ಸು ನೋಡಿ ತಳ್ಳುವುದನ್ನು ಕಾನೂನಿನಿಂದ ನಿಷೇಧಿಸಿತು. ಅಲ್ಲಿಯ ಮಾಲೀಕರೇನೂ ಸಾಧುಗಳಾಗಲಿಲ್ಲ, ಆದರೆ ಫ್ಲೆಕ್ಸಿನಲ್ಲಿ ಬರೆದು ಗೇಟಿಗೆ ಕಟ್ಟುವ ಧೈರ್ಯವನ್ನಾದರೂ ಅದು ಕಿತ್ತುಕೊಂಡಿತು. ನಮ್ಮಲ್ಲಿ ಖಾಸಗಿ ಕಂಪನಿಗೆ ಹಾಗೆ ಹೇಳುವ ಒಂದು ಕಾಯ್ದೆಯೂ ಇಲ್ಲ. ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ಕೂತ ಸಾಹೇಬರು ಬರೆದುಕೊಳ್ಳಲಿ: ಕೆಲಸದ ಜಾಹೀರಾತಿನಲ್ಲಿ, ಅರ್ಜಿಯಲ್ಲಿ ವಯಸ್ಸು ಕೇಳುವುದು ನಿಲ್ಲಬೇಕು. ಒಂದೇ ದಿನ ಒಂದೇ ಒಕ್ಕಣೆಯ ರಾಜೀನಾಮೆಗಳು ಬಂದರೆ ಅದನ್ನು ಕೆಲಸದಿಂದ ತೆಗೆದದ್ದೆಂದೇ ಹಿಡಿದು ಪರಿಹಾರ ಕೊಡಿಸಬೇಕು. ಕೆಲಸ ಹೋದವನ ಇಎಸ್‌ಐ ಮುಂದಿನ ಕೆಲಸ ಸಿಗುವವರೆಗೆ ನಡೆಯಬೇಕು. ತೆಗೆದವರ ಪಟ್ಟಿ ಗೇಟಿನಲ್ಲಿ ಹಾಕದೆ ಹೊಸ ಟ್ರೈನಿಯನ್ನು ಒಳಗೆ ಬಿಡುವಂತಿಲ್ಲ. ಇಷ್ಟು ಕೇಳಿದರೆ ಬಂಡವಾಳ ರಾಜ್ಯ ಬಿಟ್ಟು ಓಡಿಹೋಗುತ್ತದೆ ಎಂದು ಮಾಲೀಕರು ಹೆದರಿಸುತ್ತಾರೆ. ನಮ್ಮದು ಆಗಲೇ ಓಡಿಹೋಗಿದೆ ಸ್ವಾಮಿ, ಉಳಿದರ್ಧ ಗ್ರಾಚ್ಯುಟಿಯನ್ನೂ ಜೇಬಿಗೆ ಹಾಕಿಕೊಂಡು.